ಟೀವಿಯ ಬೀಗ

ಗೋಡೆಯೇರಿದ ಹೊಸ ಟೀವಿಗೆ ತನ್ನ ಜಾಣತನದ ಬಗ್ಗೆ ಬಲು ಜಂಬ.

"ಅಣ್ಣಾ, ಈ ಜಾಣತನ ನೆರೆಮನೆಯಿಂದ ತಂದ ಹೆಪ್ಪಿದ್ದ ಹಾಗೆ," ಎಂದಿತು ಒಳಗಿದ್ದ ತಂತ್ರಾಂಶ. "ಎಷ್ಟೋ ಜನ ಸೇರಿ ನನ್ನನ್ನು ಬರೆದು ಬಿಟ್ಟಿ ಕೊಟ್ಟರು. ಕೇಳಿದವರಿಗೆ ನೀನೂ ಕೊಡಬೇಕು ಎಂಬುದೊಂದೇ ಕರಾರು."

"ನನ್ನ ಮನೆ ಹೊಕ್ಕ ಮೇಲೆ ನೀನು ನನ್ನ ಸ್ವತ್ತು," ಎಂದು ಟೀವಿ ಬಾಗಿಲಿಗೆ ಬೀಗ ಜಡಿದು, ಕೀಲಿಕೈಯನ್ನು ತನ್ನ ಕಂಪನಿಗೆ ಒಪ್ಪಿಸಿತು.

ಕಾಲಾಂತರದಲ್ಲಿ ಕಂಪನಿ ಮುಚ್ಚಿಹೋಯಿತು. ಆಮೇಲೆ ತಂತ್ರಾಂಶವೂ ಕೆಟ್ಟು, ಟೀವಿಯ ಪರದೆ ಕಪ್ಪಾಯಿತು.

ಪಕ್ಕದ ಮನೆಯ ಪೆನ್‌ಡ್ರೈವ್ ಓಡಿಬಂತು. "ನಮ್ಮಲ್ಲೂ ಇದೇ ತಂತ್ರಾಂಶ ಕೆಟ್ಟಿತ್ತು. ತಿದ್ದಿದ್ದನ್ನು ನಿನಗೂ ತಂದಿದ್ದೇನೆ, ಬಾಗಿಲು ತೆಗೆ."

ಟೀವಿ ಒಳಗೆಲ್ಲ ತಡಕಾಡಿತು. "ಕೀಲಿಕೈ ನನ್ನ ಹತ್ತಿರ ಇಲ್ಲವಲ್ಲ, ತಂಗೀ!"

ಪರರಿಗೆಂದು ಜಡಿದ ಬೀಗದ ಹೊರಗೆ, ಪೆನ್‌ಡ್ರೈವ್ ತಂದ ಹೆಪ್ಪು ಹೊಸ್ತಿಲಲ್ಲೇ ಉಳಿಯಿತು.