ಓಡದ ಕಾರು, ಆಡದ ಮಾತು

“ಗುರುಗಳೇ, ಇಪ್ಪತ್ತು ವರ್ಷ ಹಳೆಯದು, ಆದರೆ ನಾಲ್ಕು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ. ಅಂಥ ಕಾರನ್ನು ಕೊಳ್ಳಬಹುದೆ?”

ಕೇಳಿದವನು ಕೊಟ್ರೇಶ. ಕಾಲೇಜಿನಲ್ಲಿ ಗಣಿತ ಕಲಿಸುವವನು, ಪ್ರತಿ ಸೋಮವಾರ ಗುಡ್ಡದ ಮಠಕ್ಕೆ ಬರುವ ಶಿಷ್ಯ. ಕಾರು ಕೆಂಪು ಬಣ್ಣದ್ದು, ಸ್ಪೋರ್ಟ್ಸ್ ಕಾರು, ಎರಡೇ ಸೀಟು. ಓದುವ ಕಾಲದಲ್ಲಿ ಅವನು ಅದರ ಚಿತ್ರವನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿಕೊಂಡಿದ್ದನಂತೆ. ಈಗ ಒಬ್ಬರು ಮಾರುತ್ತಿದ್ದಾರೆ. ಧೂಳು ತಾಗದಂತೆ ಇಟ್ಟಿದ್ದಾರೆ, ಟೈರಿನ ಮೇಲೆ ಹೊಸದರಲ್ಲಿ ಇರುವ ರಬ್ಬರಿನ ಸಣ್ಣ ಕೂದಲು ಕೂಡ ಹಾಗೆಯೇ ಇದೆ ಎಂದು ಅವನು ಹೇಳಿದ. ಶುಕ್ರವಾರ ಪೂಜೆ. ಪೂಜೆ ಮುಗಿದ ಕೂಡಲೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೋಕರ್ಣದವರೆಗೆ ಹೋಗಿಬರುವ ಆಸೆ. ಗುರುಗಳು ಬಂದು ತಮ್ಮ ಕೈಯಿಂದಲೇ ಗಾಲಿಗಳಿಗೆ ನಿಂಬೆಹಣ್ಣು ಇಡಬೇಕೆಂದು ಬೇಡಿಕೊಂಡ. ಅವನ ಚೀಲದಲ್ಲಿ ನಾಲ್ಕು ನಿಂಬೆಹಣ್ಣುಗಳೂ ಇದ್ದವು.

ಗುರು ಚೆನ್ನವೀರಯ್ಯನವರ ಬಾಯಿ ಹರಿತ. ಅವರದು ಕರಿನಾಲಿಗೆ ಎಂದು ಊರವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಒಂದು ಗೃಹಪ್ರವೇಶಕ್ಕೆ ಕರೆದಾಗ, ಮನೆಯ ಯಜಮಾನ ಕಾಲಿಗೆ ಬಿದ್ದು ಏಳುವ ಮೊದಲೇ, ಈ ಮೆಟ್ಟಿಲಿಗೆ ಕಟಕಟೆಯಿಲ್ಲ, ನಿನ್ನ ಮೊಮ್ಮಗು ಬಿದ್ದು ಸಾಯುತ್ತದೆ ಎಂದಿದ್ದರು. ಆಮೇಲೆ ಯಾರೂ ಅವರನ್ನು ಶುಭಕಾರ್ಯಗಳಿಗೆ ಕರೆಯುವ ಧೈರ್ಯ ಮಾಡುತ್ತಿರಲಿಲ್ಲ. ಕೊಟ್ರೇಶ ಮಾಡಿದ.

ಗುರುಗಳು ನಿಂಬೆಹಣ್ಣುಗಳನ್ನು ನೋಡಿದರು. ಕೊಳ್ಳಲೇ ಎಂದು ಕೇಳುವವನು ಪೂಜೆಯ ಸಾಮಾನು ಹೊತ್ತು ಬರುವುದಿಲ್ಲ, ನೀನು ಕೇಳುತ್ತಿರುವುದು ಪ್ರಶ್ನೆಯಲ್ಲ, ಹೂಂ ಎನ್ನಿಸಿಕೊಳ್ಳಲು ಬಂದಿದ್ದೀಯೆ ಎಂದರು. ಮತ್ತೆ ಒಂದೇ ಮಾತು ಕೇಳಿದರು. ಟೈರು ಯಾವ ವರ್ಷದ್ದು? ಕಾರಿನ ಜೊತೆಗೆ ಬಂದದ್ದೇ, ಬದಲಾಯಿಸುವ ಪ್ರಮೇಯವೇ ಬಂದಿಲ್ಲ ಎಂದು ಕೊಟ್ರೇಶ ಹೆಮ್ಮೆಯಿಂದ ಹೇಳಿದ.

“ಹಾಗಾದರೆ ಅದು ದಾರಿಯಲ್ಲಿ ಒಡೆಯುತ್ತದೆ. ಎಡಗಡೆ ಕೂತಿರುವವಳು ನಿನ್ನ ಮಗಳು.”

ಕೊಟ್ರೇಶನ ಮುಖ ಕಪ್ಪಿಟ್ಟಿತು. “ಬಿಡ್ತು ಅನ್ನಿ, ಗುರುಗಳೇ.”

ಗುರುಗಳು ಅನ್ನಲಿಲ್ಲ. ಕೂತುಕೋ ಎಂದರು. ನಡುವೆ ಬಾಯಿ ಹಾಕಬೇಡ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನು ದೂರದ ಪಟ್ಟಣದಿಂದ ಒಂದು ಕಾರು ತಂದ. ನಿನ್ನದರಂಥದೇ ಎಂದುಕೋ, ಎರಡು ಸೀಟಿನದು. ತಂದವನು ಓಡಿಸಿದನೇ? ಇಲ್ಲ. ರಸ್ತೆಯಲ್ಲಿ ಕಲ್ಲಿತ್ತು, ದನವಿತ್ತು, ಗೀರು ಹಾಕುವ ಮಕ್ಕಳಿದ್ದರು. ಅದಕ್ಕೊಂದು ಶೆಡ್ ಕಟ್ಟಿಸಿ ಒಳಗೆ ನಿಲ್ಲಿಸಿದ. ಬಟ್ಟೆ ಹೊದಿಸಿದ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಹೊರಗೆ ತೆಗೆಯುತ್ತಿದ್ದ. ತೊಳೆಸಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ನಾಲ್ಕು ಗಾಲಿಗೂ ನಿಂಬೆಹಣ್ಣು ಇಡಿಸಿ, ಅವುಗಳ ಮೇಲೆ ಹತ್ತಿಸಿ ಗೇಟಿನವರೆಗೆ ಹೋಗಿ ಹಿಂದಕ್ಕೆ ಬರುತ್ತಿದ್ದ. ಹದಿನೆಂಟು ವರ್ಷ ಆ ಕಾರು ತುಳಿದದ್ದೆಂದರೆ ನಿಂಬೆಹಣ್ಣು ಮಾತ್ರ.

ಟೈರು ಕಪ್ಪಗೆ ಹೊಳೆಯಲಿ ಎಂದು ಪ್ರತಿ ವರ್ಷ ತಾನೇ ಕೂತು ಕೊಬ್ಬರಿ ಎಣ್ಣೆ ಸವರುತ್ತಿದ್ದ. ಎಣ್ಣೆ ರಬ್ಬರನ್ನು ತಿನ್ನುತ್ತದೆ ಎಂದು ಅವನಿಗೆ ಯಾರು ಹೇಳಬೇಕು? ಹೊಳೆಯುತ್ತಿತ್ತಲ್ಲ, ಅಷ್ಟು ಸಾಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ, ಕಪ್ಪಗೆ ಹೊಳೆಯುವುದರ ಬಗ್ಗೆ ಗಾದೆ ಮಾಡಲು ನಮ್ಮ ಹಿರಿಯರು ಟೈರು ಕಂಡಿರಲಿಲ್ಲ.

ವರ್ತಕನಿಗೆ ವಯಸ್ಸಾಯಿತು. ಕಾರು ತಗ್ಗು, ಮಂಡಿ ಬಗ್ಗದು. ಒಳಗೆ ಇಳಿದು ಕೂರಲು ಆಗದೆ ಹೋದಾಗ ಮಾರಲು ಮನಸ್ಸು ಮಾಡಿದ. ಕೊಳ್ಳಲು ಬಂದವನು ಆ ಊರಿನ ವೈದ್ಯ. ಒಳ್ಳೆಯ ವೈದ್ಯ. ಮದುವೆಯಾಗಿ ಒಂದು ವರ್ಷವಾಗಿತ್ತು. ಮದುವೆಯಾದ ಮೇಲೆ ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಅವಳು ಕೇಳಿದಾಗಲೆಲ್ಲ ಯಾರೋ ರೋಗಿ ಬಾಗಿಲಿಗೆ ಬಂದಿರುತ್ತಿದ್ದ. ಈ ಕಾರು ತಂದು, ಒಂದು ದಿನ ಆಸ್ಪತ್ರೆಗೆ ಬೀಗ ಹಾಕಿ, ಅವಳನ್ನು ಸುತ್ತಾಡಿಸಬೇಕು ಎಂದು ಅವನ ಆಸೆ. ಆಸೆಯಲ್ಲಿ ತಪ್ಪೇನಿದೆ? ತಪ್ಪಿರಲಿಲ್ಲ.

ವೈದ್ಯ ಒಬ್ಬ ಮೇಸ್ತ್ರಿಯನ್ನು ಕರೆಸಿದ. ಆ ಮೇಸ್ತ್ರಿ ಎಂಜಿನ್ನಿನಲ್ಲಿ ಪಳಗಿದವನು, ಸದ್ದು ಕೇಳಿ ರೋಗ ಹೇಳುವವನು. ಮೂರು ದಿನ ಕೂತು ಹಳೆಯ ಪೆಟ್ರೋಲ್ ಬಸಿದ, ಬ್ಯಾಟರಿ ಬದಲಾಯಿಸಿದ, ಬ್ರೇಕಿನ ಪೈಪುಗಳನ್ನು ಹೊಸದಾಗಿ ಹಾಕಿದ. ಟೈರನ್ನು ಮಾತ್ರ ನೋಡಲಿಲ್ಲ. ಯಾಕೆ? ಜಂಬ. ಟೈರು ನೋಡುವುದು ಪಂಕ್ಚರ್ ಅಂಗಡಿಯವನ ಕೆಲಸ, ಎಂಜಿನ್ ಮೇಸ್ತ್ರಿಯದಲ್ಲ ಎಂದು ಅವನ ಎಣಿಕೆ. ಹೊರಗಿನಿಂದ ಒಮ್ಮೆ ಕೈಯಾಡಿಸಿದ, ರಬ್ಬರಿನ ಕೂದಲು ಬೆರಳಿಗೆ ತಾಗಿತು, ಹೊಸದು ಎಂದ. ನೀನೂ ಅದನ್ನೇ ಅಂದೆಯಲ್ಲ ಈಗ.

ಪೂಜೆ ವರ್ತಕನ ಅಂಗಳದಲ್ಲೇ ಆಯಿತು. ರಾಹುಕಾಲಕ್ಕೆ ಇನ್ನು ಹತ್ತು ನಿಮಿಷ ಉಳಿದಿತ್ತು, ಅಷ್ಟರಲ್ಲಿ ಗಾಡಿ ಗೇಟು ದಾಟಬೇಕು ಎಂದು ಪುರೋಹಿತರು ಅವಸರಿಸುತ್ತಿದ್ದರು. ಕಾರಿಗೆ ಜೀವ ಕೊಟ್ಟವನು ನೀನು, ನೀನೇ ನಿಂಬೆಹಣ್ಣು ಇಡು ಎಂದು ವೈದ್ಯನ ಹೆಂಡತಿ ಮೇಸ್ತ್ರಿಗೆ ಹೇಳಿದಳು. ಅವನಿಗೂ ಹಿಗ್ಗಾಯಿತು. ಮೂರು ಗಾಲಿಗೆ ಇಟ್ಟ. ನಾಲ್ಕನೆಯದು ಎಡಗಡೆಯ ಹಿಂದಿನ ಗಾಲಿ. ಅಲ್ಲಿ ನೆಲ ಇಳಿಜಾರು. ಹಣ್ಣು ಉರುಳಿ ಒಳಗೆ ಹೋಯಿತು. ಅದನ್ನು ತೆಗೆಯಲು ಅವನು ನೆಲಕ್ಕೆ ಒರಗಿ ಗಾಲಿಯ ಹಿಂದೆ ಕೈ ಹಾಕಿದ. ಆಗ ಟೈರಿನ ಒಳಮೈ ಕಂಡಿತು. ವರ್ತಕನ ಎಣ್ಣೆಯ ಹೊಳಪು ಬಿರುಕನ್ನು ಮುಚ್ಚದ ಆ ಕಡೆ ಅದು ಬೇಸಿಗೆಯ ಹಿಮ್ಮಡಿಯ ಹಾಗೆ ಒಡೆದಿತ್ತು. ಉಗುರು ಇಟ್ಟು ನೋಡಿದ. ಉಗುರು ಪೂರಾ ಒಳಗೆ ಹೋಯಿತು.

ಅವನಿಗೆ ತಿಳಿಯಿತು, ಅಯ್ಯಾ. ಅರ್ಧ ತಿಳಿಯಿತು ಎಂದಲ್ಲ, ಪೂರಾ ತಿಳಿಯಿತು. ಗೇಟಿನವರೆಗೆ ಹೋಗಿಬರಲು ಆ ಟೈರು ಸಾಕು. ರಸ್ತೆಗೆ ಇಳಿದು ಕಾವೇರಿದರೆ ಸಾಲದು.

ಅವನು ಎದ್ದು ನಿಂತ. ಪಕ್ಕದಲ್ಲಿದ್ದ ವರ್ತಕನಿಗೆ, ಯಜಮಾನರೇ, ಈ ಟೈರು ಒಡೆಯುತ್ತದೆ, ಎಂದ. ಮೆಲ್ಲಗೆ ಹೇಳಿದ. ಆರತಿ ಎತ್ತುತ್ತಿದ್ದರು, ಗಂಟೆ ಬಾರಿಸುತ್ತಿದ್ದರು, ವರ್ತಕನೊಬ್ಬನಿಗೇ ಕೇಳಿಸಿತು. ವರ್ತಕ ಹಲ್ಲು ಕಚ್ಚಿ, ಶುಭ ಗಳಿಗೆಯಲ್ಲಿ ಎಂಥ ಮಾತು, ಬಿಡ್ತು ಅನ್ನು ಎಂದ. ನಮ್ಮ ರೂಢಿ ನಿನಗೆ ಗೊತ್ತಲ್ಲ. ಕೆಟ್ಟ ಮಾತು ಬಾಯಿಗೆ ಬಂದರೆ ಬಿಡ್ತು ಎನ್ನಬೇಕು. ಅಂದರೆ ಆಯಿತು, ಮಾತು ಆಡಲೇ ಇಲ್ಲ ಎಂದು ಲೆಕ್ಕ.

ಮೇಸ್ತ್ರಿ ಬಿಡ್ತು ಎಂದ.

ಅನ್ನುತ್ತಲೇ ಅವನಿಗೆ ಹಗುರವಾಯಿತು. ಇದನ್ನು ಸರಿಯಾಗಿ ಕೇಳಿಸಿಕೋ. ಅವನಿಗೆ ಹಗುರವಾಯಿತು. ಹೇಳಿದ ಪುಣ್ಯವೂ ಬಂತು, ಹೇಳದ ಮರ್ಯಾದೆಯೂ ಉಳಿಯಿತು. ಮತ್ತೆ ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡ. ಮೊದಲ ಸವಾರಿ ದೇವಸ್ಥಾನಕ್ಕೆ, ಅದು ಒಂದೂವರೆ ಕಿಲೋಮೀಟರು, ದಾರಿಯಲ್ಲಿ ಜನವಿರುತ್ತಾರೆ, ಮೆಲ್ಲಗೆ ಹೋಗುತ್ತಾರೆ. ಹಿಂದಕ್ಕೆ ಬರಲಿ. ಪೂಜೆ ಮುಗಿದಿರುತ್ತದೆ. ಆಗ ಬಾಯಿಬಿಟ್ಟು ಹೇಳಿದರಾಯಿತು.

ವೈದ್ಯನ ಹೆಂಡತಿ ಅವನಿಗೆ ತಾಂಬೂಲ ಕೊಟ್ಟಳು. ಎಡಗಡೆ ಕೂತು, ಮಣೆಯ ಮೇಲೆ ಕೂತಂತಿದೆ, ಏಳುವಾಗ ನೀವೇ ಎತ್ತಬೇಕು ಎಂದು ಗಂಡನಿಗೆ ನಗುತ್ತ ಹೇಳಿದಳು. ಅವಳ ಕೈಯಿಂದ ತೆಂಗಿನಕಾಯಿ ತೆಗೆದುಕೊಂಡಾಗಲೂ ಮೇಸ್ತ್ರಿ ಹೇಳಬಹುದಿತ್ತು. ಕಾರು ಹೊರಟಿತು. ನಾಲ್ಕು ನಿಂಬೆಹಣ್ಣೂ ಸರಿಯಾಗಿ ಚಪ್ಪಟೆಯಾದವು. ಒಳ್ಳೆಯ ಶಕುನ ಎಂದು ಎಲ್ಲರೂ ಸಂತೋಷಪಟ್ಟರು.

ಮೇಸ್ತ್ರಿ ಗೇಟಿನ ಹತ್ತಿರ ನಿಂತ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಒಳಗೆ ಊಟಕ್ಕೆ ಎಲೆ ಹಾಕಿ ಕರೆದರು, ಅವನು ಹೋಗಲಿಲ್ಲ. ದೇವಸ್ಥಾನದ ಆಚೆ ಹೊಸ ಹೆದ್ದಾರಿ ಇತ್ತು. ರಸ್ತೆ ನುಣುಪಾಗಿತ್ತು, ಎಂಜಿನ್ ಚೆನ್ನಾಗಿತ್ತು, ಮೇಸ್ತ್ರಿಯೇ ಚೆನ್ನಾಗಿ ಮಾಡಿದ್ದ. ಇನ್ನೂ ಸ್ವಲ್ಪ ದೂರ ಹೋಗೋಣ ಎಂದು ಅವಳು ಕೇಳಿದಳಂತೆ. ವರ್ಷವಿಡೀ ಇಲ್ಲ ಎಂದವನು ಅಂದು ಹೂಂ ಎಂದ.

ಎಡಗಡೆಯ ಹಿಂದಿನ ಟೈರು ಇಪ್ಪತ್ತೆರಡನೆಯ ಕಿಲೋಮೀಟರಿನಲ್ಲಿ ಒಡೆಯಿತು. ಕಾರು ಮಗುಚಿತು. ವೈದ್ಯ ಹೊರಗೆ ಬಿದ್ದ, ಅವಳು ಒಳಗೆ ಉಳಿದಳು. ಅವನು ತೆವಳಿಕೊಂಡು ಹೋಗಿ ಕಿಟಕಿಯೊಳಗೆ ಕೈ ಹಾಕಿ ನಾಡಿ ಹಿಡಿದ. ಅವನು ವೈದ್ಯ. ಎರಡನೆಯ ಸಲ ಹಿಡಿದು ನೋಡಬೇಕಾಗಲಿಲ್ಲ.

ಊರು ನಾಲ್ಕು ದಿನ ಮಾತಾಡಿತು. ಹದಿನೆಂಟು ವರ್ಷ ನನ್ನ ಹತ್ತಿರ ಇದ್ದಾಗ ಅದಕ್ಕೆ ಒಂದು ಗೀರು ಬಿದ್ದಿರಲಿಲ್ಲ ಎಂದು ವರ್ತಕ ನೊಂದುಕೊಂಡ. ರಾಹುಕಾಲ ಹತ್ತಿರವಿತ್ತು ಎಂದು ಪುರೋಹಿತರು ಹೇಳಿದರು. ಮೇಸ್ತ್ರಿ ಏನೂ ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಕಲಿಸುತ್ತೇವೆ. ಆಡದೆ ನುಂಗಿದ ಮಾತಿನಿಂದ ಏನೇನು ಹೋಗುತ್ತದೆ ಎಂದು ಯಾರೂ ಕಲಿಸುವುದಿಲ್ಲ.

ಎರಡು ತಿಂಗಳಾದ ಮೇಲೆ ವೈದ್ಯ ಮೇಸ್ತ್ರಿಯ ಗ್ಯಾರೇಜಿಗೆ ಬಂದ. ಒಂದು ಕೈ ಇನ್ನೂ ಕಟ್ಟಿನಲ್ಲಿತ್ತು. ಕೂತುಕೊಳ್ಳಲಿಲ್ಲ. ನಿಂಬೆಹಣ್ಣು ಇಡುವಾಗ ಟೈರು ಕಂಡಿತೇ ಎಂದು ಕೇಳಿದ. ಮೇಸ್ತ್ರಿ ಸುಳ್ಳು ಹೇಳಲು ಬಾಯಿ ತೆರೆದ. ಆಗಲಿಲ್ಲ.

“ಕಂಡಿತು, ಡಾಕ್ಟ್ರೇ. ಶುಭ ಗಳಿಗೆಯಲ್ಲಿ ಅಪಶಕುನ ಆಡಬಾರದು ಎಂದು ಸುಮ್ಮನಾದೆ.”

ವೈದ್ಯ ಹೇಳಿದ.

“ನಾನು ದಿನಕ್ಕೆ ಹತ್ತು ಜನರಿಗೆ ಅಪಶಕುನ ಆಡುತ್ತೇನಪ್ಪಾ. ಅದನ್ನು ಕೇಳಿಯೇ ಅವರು ಬದುಕುತ್ತಾರೆ. ನೀನು ನನಗೊಂದು ಆಡಬಾರದಿತ್ತೇ?”

ಹೊಡೆಯಲಿಲ್ಲ, ಬಯ್ಯಲಿಲ್ಲ. ಹೊಡೆದಿದ್ದರೆ ಮೇಸ್ತ್ರಿಗೆ ಇನ್ನೊಮ್ಮೆ ಹಗುರವಾಗುತ್ತಿತ್ತು. ವೈದ್ಯ ಬಂದ ದಾರಿಯಲ್ಲೇ ನಡೆದು ಹೋದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೇಸ್ತ್ರಿ ಆ ಸಂಜೆ ಗ್ಯಾರೇಜಿನ ಬಾಗಿಲು ಹಾಕಿದ, ಮತ್ತೆ ತೆರೆಯಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ನಿನ್ನ ಪ್ರಶ್ನೆಗೆ ಉತ್ತರ ಬೇಕೇ ಎಂದು ತಾವೇ ಕೇಳಿದರು. ಕೊಳ್ಳುವುದಾದರೆ ಕೊಳ್ಳು. ಓಡಿಲ್ಲ ಎನ್ನುವುದನ್ನು ಗುಣವೆಂದು ತಿಳಿಯಬೇಡ. ನಿಂತಲ್ಲೇ ಮುದಿಯಾದದ್ದು ಕಿಲೋಮೀಟರಿನಲ್ಲಿ ಕಾಣುವುದಿಲ್ಲ. ನಾಲ್ಕು ಟೈರು, ರಬ್ಬರಿನ ಪ್ರತಿಯೊಂದು ಪೈಪು ಹೊಸದಾಗುವವರೆಗೆ ನಿನ್ನ ಮಗಳು ಅದರ ಬಾಗಿಲು ಮುಟ್ಟಬಾರದು. ನಿಂಬೆಹಣ್ಣನ್ನು ಮನೆಗೆ ಒಯ್ದು ಉಪ್ಪಿನಕಾಯಿ ಹಾಕಿಸು ಎಂದರು.

ಕೊಟ್ರೇಶ ಹೂಂ ಎಂದ. ಆದರೆ ಅವನ ಮನಸ್ಸಿನಲ್ಲಿ ಮುಳ್ಳು ಉಳಿದಿತ್ತು. ಮಗಳ ವಿಷಯದಲ್ಲಿ ಗುರುಗಳು ಆಡಿದ ಮಾತು ಇನ್ನೂ ಹಾಗೆಯೇ ನಿಂತಿತ್ತು. ಅದನ್ನು ಮತ್ತೆ ಎತ್ತಲು ಹೆದರಿ, ಕತೆಯ ನೆಪ ಹಿಡಿದು ಕೇಳಿದ.

“ಆ ಮೇಸ್ತ್ರಿ ಆಮೇಲೆ ಏನಾದ, ಗುರುಗಳೇ?”

ಗುರುಗಳು ತಮ್ಮ ಬಲಗೈಯ ಉಗುರುಗಳನ್ನು ನೋಡಿಕೊಂಡರು.

“ಅಂದಿನಿಂದ ಯಾರು ಬೇಡಿಕೊಂಡರೂ ಅವನು ಬಿಡ್ತು ಎಂದಿಲ್ಲ, ಈಗ ನೀನು ಬೇಡಿದಾಗಲೂ ಎನ್ನಲಿಲ್ಲ.”