ಧಾರೆ ಎರೆದ ಕಬ್ಬಿನ ಗದ್ದೆ

ಊಟ ಮುಗಿಸಿದ ಗುರುಗಳ ಕೈಗೆ ತಂಬಿಗೆಯಿಂದ ನೀರು ಹಾಕುತ್ತಾ ಶಿಷ್ಯ ಮುದ್ದುವೀರ ಕೇಳಿದ: “ಗುರುಗಳೇ, ನನ್ನ ಪಾಲಿನ ಹೊಲ ನನ್ನ ಕಾಲಾನಂತರ ಅಣ್ಣನ ಮಕ್ಕಳಿಗೆ ಸೇರಲಿ ಎಂದು ಉಯಿಲು ಬರೆದಿಡುತ್ತೇನೆ. ಅಲ್ಲಿಯವರೆಗೆ ನನ್ನ ಹೆಸರಿನಲ್ಲೇ ಇರಲಿ. ಇಷ್ಟಾದರೆ ಎಲ್ಲವನ್ನೂ ಬಿಟ್ಟಂತೆ ಆಗುವುದಿಲ್ಲವೇ?”

ಅವನ ಅಣ್ಣ ಬೆಳಗ್ಗೆಯೇ ಊರಿನಿಂದ ಬಂದು ಮಠದ ಜಗಲಿಯಲ್ಲಿ ಕಾದು ಕೂತಿದ್ದ. ಹೊಲ ಉಳುವವನು ಅಣ್ಣನೇ. ಆದರೆ ಅದರಲ್ಲೊಂದು ಬಾವಿ ತೋಡಬೇಕಾದರೂ ಮಠ ಸೇರಿದ ತಮ್ಮನನ್ನು ಕೇಳಬೇಕಿತ್ತು. ಈ ಸಲ ಅವನು ಹೊಲವನ್ನೇ ಬಿಟ್ಟುಕೊಡು ಎಂದು ಕೇಳಲು ಬಂದಿದ್ದ.

ಗುರುಗಳು ಕೈ ಒರೆಸಿಕೊಂಡು, “ಕೂತುಕೋ, ಒಬ್ಬ ರೈತನ ಕತೆ ಹೇಳುತ್ತೇನೆ,” ಎಂದರು.

ಬಿಳಿಯ ದೊರೆಗಳ ಸರ್ಕಾರವಿದ್ದು, ಉಯಿಲು ಬರೆಸುವುದು ಹಳ್ಳಿಗಳಿಗೆ ಹೊಸದಾಗಿ ಕಾಲಿಟ್ಟಿದ್ದ ಕಾಲ. ಆ ರೈತನಿಗೆ ಕಾಲುವೆಯ ಬದಿಯಲ್ಲಿ ಕಬ್ಬಿನ ಗದ್ದೆಯಿತ್ತು. ಗದ್ದೆಯೆಂದರೆ ಅವನಿಗೆ ಪ್ರಾಣ. ದಾರಿಹೋಕರು ಒಂದು ಜಲ್ಲೆ ಮುರಿದರೆ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಇಬ್ಬರು ಗಂಡುಮಕ್ಕಳ ಮೀಸೆ ನರೆಯುತ್ತಾ ಬಂದಿತ್ತು. ಆದರೂ ಕಬ್ಬಿಗೆ ಕೈ ಹಾಕುವ ಮುಂಚೆ ಅವರು ಅಪ್ಪನ ಮುಖ ನೋಡಬೇಕಿತ್ತು. ಕಾವಲಿಗೂ ಅವನೇ ಹೋಗುತ್ತಿದ್ದ. ಮಕ್ಕಳನ್ನು ನಂಬಿ ನಿದ್ದೆ ಮಾಡುವ ಪೈಕಿಯವನಲ್ಲ.

ವಯಸ್ಸಾಯಿತು. ತಾನು ಹೋದ ಮೇಲೆ ಮಕ್ಕಳು ಹೊಡೆದಾಡಬಾರದೆಂದು ಪೇಟೆಯ ವಕೀಲರಲ್ಲಿಗೆ ಹೋಗಿ, ಗದ್ದೆ ಇಬ್ಬರಿಗೂ ಸಮಪಾಲು ಎಂದು ಉಯಿಲು ಬರೆಸಿ ಹೆಬ್ಬೆಟ್ಟು ಒತ್ತಿದ. ವಾಪಸು ನಡೆದು ಬರುವಾಗ ಅವನಿಗೊಂದು ಅನುಮಾನ ಹತ್ತಿತು. ಅವನ ಊರಿನಲ್ಲಿ ಮಗಳನ್ನು ಕೊಡಲಿ, ಹಸು ಕೊಡಲಿ, ನೆಲ ಕೊಡಲಿ, ತೆಗೆದುಕೊಳ್ಳುವವರ ಕೈಮೇಲೆ ನೀರು ಬಿಡದೆ ಕೊಟ್ಟಂತೆ ಆಗುತ್ತಿರಲಿಲ್ಲ. ವಕೀಲರು ಬೆರಳಿಗೆ ಮಸಿ ಬಳಿದರೇ ಹೊರತು ನೀರಿನ ಸುದ್ದಿಯನ್ನೇ ಎತ್ತಿರಲಿಲ್ಲ. ಪಾಪ, ಪೇಟೆಯವರು, ಮರೆತಿರಬೇಕು ಎಂದುಕೊಂಡ.

ಮಕ್ಕಳನ್ನು ಗದ್ದೆಗೆ ಕರೆದು, ಕಾಲುವೆಯ ನೀರನ್ನು ಬೊಗಸೆಯಲ್ಲಿ ತುಂಬಿ ಇಬ್ಬರ ಕೈಮೇಲೂ ಬಿಟ್ಟ. “ಕೊಟ್ಟೆ,” ಎಂದ.

ಮರುದಿನ ಎಂದಿನಂತೆ ಗದ್ದೆಗೆ ಹೋದವನು ಕಬ್ಬಿಗೆ ಕೈ ಹಾಕಿ ಥಟ್ಟನೆ ಹಿಂದಕ್ಕೆ ತೆಗೆದ. ದೊಡ್ಡ ಮಗನ ಹತ್ತಿರ ಹೋಗಿ, “ಏನಪ್ಪಾ, ಒಂದು ಜಲ್ಲೆ ಮುರ್ಕೊಳ್ಳಲಾ?” ಎಂದು ಕೇಳಿದ.

ಮಗ ಬೆವರಿದ. “ಯಾಕಪ್ಪಾ ಹಿಂಗೆ ಕೊಲ್ತೀಯ? ನಿಂದೇ ಅಲ್ವಾ?”

“ನೆನ್ನೆವರೆಗೂ ನಂದು.”

ಮಗ ಒಳ್ಳೆಯ ಜಲ್ಲೆಯೊಂದನ್ನು ಆರಿಸಿ, ಸಿಪ್ಪೆ ಸುಲಿದು, ತುಂಡು ಮಾಡಿ ಅಪ್ಪನ ಕೈಗಿಟ್ಟ. ಜೀವಮಾನವಿಡೀ ಅದೇ ಗದ್ದೆಯ ಕಬ್ಬು ತಿಂದಿದ್ದ ರೈತನಿಗೆ ಅದು ಇಷ್ಟು ಸಿಹಿಯೆಂದು ಅಂದೇ ಗೊತ್ತಾದದ್ದು. ಅಂದಿನಿಂದ ಅವನು ಹೊಟ್ಟೆ ತುಂಬ ಉಂಡು, ಗೊರಕೆ ಹೊಡೆದು ನಿದ್ದೆ ಮಾಡಿದ. ಕಬ್ಬು ಮುರಿಯುವವರು ಕಂಡರೆ, “ಯಜಮಾನರು ಅಲ್ಲಿದ್ದಾರೆ, ಅವರನ್ನು ಕೇಳಿ,” ಎಂದು ಮಕ್ಕಳ ಕಡೆ ಕೈ ತೋರಿಸಿ ನಗುತ್ತಿದ್ದ. ಮಕ್ಕಳಿಗೂ ಮೈಯಲ್ಲಿ ಹುರುಪು ಬಂದು, ಪಾಳು ಬಿದ್ದಿದ್ದ ಮೂಲೆಯನ್ನೂ ಅಗೆದು ನಾಟಿ ಮಾಡಿದರು.

ಬೆಲ್ಲ ಕಾಯಿಸುವ ಕಾಲಕ್ಕೆ ಆ ವಕೀಲರು ಅದೇ ದಾರಿಯಲ್ಲಿ ಬಂದು ಆಲೆಮನೆಗೆ ಕಾಲಿಟ್ಟರು. ರೈತ ಸೊಸೆಯ ಮುಂದೆ ಕೈಯೊಡ್ಡಿ, “ಒಂದು ಚೂರು ಬೆಲ್ಲ ಸಿಕ್ಕೀತೇನಮ್ಮಾ?” ಎನ್ನುತ್ತಿದ್ದ. ಸಂಗತಿ ತಿಳಿದು ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ಯಜಮಾನರೇ, ಉಯಿಲು ನಡೆಯುವುದು ನೀವು ಕಣ್ಣು ಮುಚ್ಚಿದ ಮೇಲೆ! ಅಲ್ಲಿಯವರೆಗೆ ಎಲ್ಲವೂ ನಿಮ್ಮದೇ. ಬೇಡ ಅನ್ನಿಸಿದರೆ ನಾಳೆಯೇ ರದ್ದು ಮಾಡಿಸಬಹುದು.”

ಕೊಪ್ಪರಿಗೆಯಲ್ಲಿ ಪಾಕ ತಿರುವುತ್ತಿದ್ದ ದೊಡ್ಡ ಮಗನ ಕೈ ನಿಂತಿತು. ಚಿಕ್ಕವನ ಮುಖ ಇಳಿಯಿತು. ರೈತ ಮಕ್ಕಳನ್ನು ನೋಡಿದ, ಹೊರಗಿನ ಗದ್ದೆಯನ್ನು ನೋಡಿದ. ಅವನಿಗೂ ಒಂದು ಗಳಿಗೆ ಆಸೆಯಾಗದೆ ಇರಲಿಲ್ಲ. ಕೊನೆಗೆ ಕೈಯಲ್ಲಿದ್ದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡ.

“ಕಾಗದ ರದ್ದು ಮಾಡಿಸ್ಬೋದು, ಸ್ವಾಮಿ. ಬಿಟ್ಟ ನೀರನ್ನ ಯಾವ ಕಚೇರೀಲಿ ರದ್ದು ಮಾಡಿಸ್ಲಿ?” ಎಂದ. ಆಮೇಲೆ ದೊಡ್ಡ ಮಗನ ಕಡೆ ತಿರುಗಿ, “ವಕೀಲರಿಗೂ ಒಂದು ಉಂಡೆ ಕೊಡಬೋದೇನಪ್ಪಾ?” ಎಂದು ಕೇಳಿದ.

ಕತೆ ಕೇಳಿ ಮುದ್ದುವೀರ ಬಿದ್ದು ಬಿದ್ದು ನಕ್ಕ. “ಎಂಥ ಮುಗ್ಧ, ಗುರುಗಳೇ! ಕಾನೂನು ತಿಳಿದಿದ್ದರೆ ಹಾಗೆ ಕೊಟ್ಟುಬಿಡುತ್ತಿರಲಿಲ್ಲ.”

ಗುರುಗಳೂ ನಗುತ್ತಲೇ ಅವನ ಕೈಯನ್ನು ನೋಡಿದರು.

“ತಂಬಿಗೆಯಲ್ಲಿ ಇನ್ನೂ ನೀರಿದೆ, ಮುದ್ದುವೀರ; ನಿಮ್ಮಣ್ಣ ಜಗಲಿಯಲ್ಲೇ ಕೂತಿದ್ದಾನೆ.”