ಅಗಳನ್ನೂ ಪಾಲು ಮಾಡಿದವರು

ಒಂದಾನೊಂದು ಕಾಲದಲ್ಲಿ ಅಂತ ಶುರು ಮಾಡ್ಬೇಕು, ಆದ್ರೆ ಈ ಕತೆ ಅಷ್ಟೇನೂ ಹಳೇದಲ್ಲ ಮಗಾ. ಸಮುದ್ರದ ಪಕ್ಕ ಒಂದು ಕಡಿದಾದ ಗುಡ್ಡ, ಅದರ ಬುಡ ಅಗೆದು ಕಟ್ಟಿದ ಮೂರು ಮನೆ, ಅಲ್ಲಿ ತುಳಸು ಅನ್ನೋಳು ತನ್ನ ಮೂರು ಗಂಡುಮಕ್ಕಳ ಜೊತೆ ಇದ್ಲಂತೆ. ಮನೆಗಳ ಮೇಲ್ಗಡೆ ಗುಡ್ಡಕ್ಕೆ ಅಡ್ಡವಾಗಿ ಅವಳ ಗಂಡ ಉದ್ದಕ್ಕೊಂದು ಅಗಳು ತೋಡಿದ್ನಂತೆ. ಮಳೆನೀರು ಆ ಕಾಲುವೆ ಹಿಡಿದು ಹಳ್ಳಕ್ಕೆ ಹೋಗೋದು, ಗುಡ್ಡದ ಹೊಟ್ಟೆಗೆ ಇಳೀತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಎಲ್ರೂ ಸೇರಿ ಹೂಳು ತೆಗೀತಿದ್ರಂತೆ.

ಆಮೇಲೆ ಅಪ್ಪ ಸತ್ತ, ಮಕ್ಕಳು ಪಾಲಾದ್ರು. ಪಾತ್ರೆ ಹಂಚಿದ್ರು, ತೆಂಗಿನಮರ ಹಂಚಿದ್ರು, ಬುದ್ಧಿಗೇಡಿಗಳು, ಆ ಅಗಳನ್ನೂ ಮೂರು ತುಂಡು ಮಾಡಿ ಹಂಚ್ಕೊಂಡ್ರಂತೆ. ಹಿರಿಯ ಬೊಮ್ಮಯ್ಯ ತನ್ನ ತುಂಡಿಗೆ ಮಣ್ಣು ತುಂಬಿ ಗೇರುಗಿಡ ನೆಟ್ಟ. ನಡುವಿನ ಹಮ್ಮಣ್ಣ ತನ್ನದ್ರ ಮೇಲೆ ಕೊಟ್ಟಿಗೆ ಎಬ್ಬಿಸಿದ. ಕಿರಿಯ ಕುಪ್ಪ ತನ್ನದನ್ನ ಚೊಕ್ಕವಾಗಿಟ್ಟ, ಆದ್ರೆ ಅಲ್ಲೀವರೆಗೆ ನೀರು ಬರಬೇಕಲ್ಲ? ನೀರೆಲ್ಲ ಮೇಲೇ ನಿಂತು ಗುಡ್ಡದೊಳಗೆ ಇಂಗ್ತಾ ಹೋಯ್ತಂತೆ.

ಒಂದು ಆಷಾಢದಲ್ಲಿ, ತಗ್ಗಲ್ಲಿದ್ದ ಕುಪ್ಪನ ಮನೆ ಹಿಂದೆ ಗುಡ್ಡ ಕಡಿದು ಗೋಡೆಯಂಗೆ ನಿಂತಿದ್ದ ದರೆಯಿಂದ ಕೆಂಪು ನೀರು ಜಿನುಗ್ತಂತೆ. ತುಳಸು ಹಿರಿಯನ ಹತ್ರ ಓಡಿದ್ಲು, ಅಗಳು ಬಿಡಿಸೋ ಅಂದ್ಲು. ದರೆ ಅವನ ಪಾಲಿಂದು ಅಬ್ಬೆ, ನಂಗೇನು ಅಂದ್ನಂತೆ. ಆಮೇಲೆ ನೆಲ ಬಿರುಕು ಬಿಡ್ತು, ನಡುವಿನವನ ಹತ್ರ ಹೋದ್ಲು. ಅಣ್ಣ ಮೊದ್ಲು ತೆಗೀಲಿ, ಆಮೇಲೆ ನೋಡ್ವ ಅಂದ್ನಂತೆ. ಆಮೇಲೆ ಕುಪ್ಪನ ಮನೆ ಬಾಗಿಲು ಹಾಕೋಕೇ ಬರದಂಗೆ ಗೋಡೆ ವಾಲ್ತು, ಹೆಂಡ್ತೀನ ಕರ್ಕೊಂಡು ಹೊರಗೆ ಬಾರೋ ಅಂತ ಬೇಡ್ಕೊಂಡ್ಲು. ನಾನು ಮನೆ ಬಿಟ್ರೆ ಅಣ್ಣಂದಿರು ಗಡಿಕಲ್ಲು ಕಿತ್ತು ಈಚೆ ನೆಡ್ತಾರೆ, ನಾ ಬರೋದಿಲ್ಲ ಅಂದ್ನಂತೆ ಆ ಹಟಮಾರಿ.

ಆಮೇಲೆ ತುಳಸು ತಾನೇ ಗುದ್ದಲಿ ಹಿಡಿದು ಗುಡ್ಡ ಹತ್ತಿ ಗೇರುಗಿಡದ ಬುಡ ಅಗೀತಾ ನಿಂತ್ಲಂತೆ. ಬೊಮ್ಮಯ್ಯ ಹಿಂದೇನೇ ಬಂದು, ನನ್ನ ಗಿಡ ಮುಟ್ಬೇಡ ಅಂತ ಗುದ್ದಲಿ ಕಸ್ಕೊಂಡ. ಅಷ್ಟೊತ್ತಿಗೆ ಅವರ ಕಾಲ ಮುಂದೇನೇ ನೆಲ ಸೀಳಿ ಗುಡ್ಡ ಇಳೀತು. ಗಂಜಿ ಉಣ್ತಾ ಕೂತಿದ್ದ ಕುಪ್ಪ, ಅವನ ಹೆಂಡ್ತಿ, ಇಬ್ರೂ ಮಣ್ಣಡಿ ಹೋದ್ರಂತೆ.

ಆಮೇಲೆ ಸರ್ಕಾರದವರು ಬಯಲಲ್ಲಿ ಮೂರು ಮನೆಗೂ ಜಾಗ ಕೊಟ್ರು. ಕುಪ್ಪನ ಜಾಗಾನ ಅಣ್ಣಂದಿರಿಬ್ರೂ ಹಗ್ಗ ಹಿಡಿದು ಸರಿಯಾಗಿ ಅರ್ಧ ಅರ್ಧ ಮಾಡ್ಕೊಂಡ್ರಂತೆ. ಅವತ್ತಿಂದ ಅವರಲ್ಲಿ ಜಗಳವೇ ಇಲ್ಲ, ಸುಖವಾಗಿದ್ದಾರೆ. ತುಳಸು ಒಂದು ತಿಂಗಳು ಅವನ ಮನೇಲಿ ಉಣ್ತಾಳೆ, ಒಂದು ತಿಂಗಳು ಇವನ ಮನೇಲಿ. ಮೂರನೇದು ಕುಪ್ಪನ ತಿಂಗಳು, ಅದು ಬಂದಾಗ ಎಲ್ಲಿ ಉಣ್ಲಿ ಅಂತ ಕೇಳ್ತಾಳಂತೆ.

ಕತೆ ಮುಗೀತು, ಇನ್ನು ಮಲಗು.